ಮೊಣಕಾಲ ಹಿಡಿತ

ಬಾಗಿಲು ಮುಚ್ಚಬಾರದು ಎಂದು ಬಂದ ದಿನವೇ ಹೇಳಿದ್ದರು. ಗಾಳಿಗೆ ತಾನಾಗಿ ಮುಚ್ಚಿಕೊಂಡರೂ ಕುರ್ಚಿ ಅಕ್ಕ ಎದ್ದು ಬಂದು ಮತ್ತೆ ತೆರೆದು, ಸಂದಿಗೆ ಮಡಚಿದ ರಟ್ಟು ಸಿಕ್ಕಿಸಿ ಹೋಗುತ್ತಿದ್ದಳು. ಅವಳ ಕೆಲಸವೇ ಅದು. ಮೂಳೆ ವಾರ್ಡಿನ ಕೊನೆಯ ಕೋಣೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಒಳಗಿರುವ ತಾಯಿ ತನ್ನ ಮಗಳನ್ನು ಏನು ಮಾಡುತ್ತಾಳೆ ಎಂದು ನೋಡುತ್ತಿರುವುದು. ತಲೆ ಬಾಚಿದರೆ ನೋಡಬೇಕು. ಮೂಗು ಒರೆಸಿದರೆ ನೋಡಬೇಕು. ಬಚ್ಚಲಿಗೆ ಕರೆದುಕೊಂಡು ಹೋದರೆ ಹಿಂದೆಯೇ ಹೋಗಿ ನಿಂತು ನೋಡಬೇಕು.

ಕುರ್ಚಿ ಅಕ್ಕ ಎಂದು ಹೆಸರಿಟ್ಟವಳು ಮಗಳು. ಅವಳಿಗೂ ಮನೆಯಲ್ಲಿ ಒಂದು ಅಡ್ಡಹೆಸರಿತ್ತು, ಜಡ್ಜಮ್ಮ. ಆರು ವರ್ಷದವಳಿಗೆ ಎತ್ತರ ನಾಲ್ಕು ವರ್ಷದ್ದು, ಮಾತು ಅರವತ್ತರದ್ದು. ಎದುರಿಗೆ ಬಂದವರ ಮೇಲೆಲ್ಲ ತೀರ್ಪು ಕೊಡುವುದು ಅವಳ ಅಭ್ಯಾಸ.

"ಈ ಅಕ್ಕ ಒಳ್ಳೆಯವಳೇ. ಆದ್ರೆ ಆಕಳಿಸೋವಾಗ ಬಾಯಿಗೆ ಕೈ ಅಡ್ಡ ಇಡಲ್ಲ," ಎಂದು ಮೊದಲ ದಿನವೇ ತೀರ್ಪು ಬಂದಿತ್ತು. ಅಂದಿನಿಂದ ಕುರ್ಚಿ ಅಕ್ಕ ಅಡ್ಡ ಇಡುತ್ತಿದ್ದಳು.

ಜಡ್ಜಮ್ಮನ ಎಡತೋಳಿಗೆ ಭುಜದಿಂದ ಮುಂಗೈವರೆಗೆ ಪಟ್ಟಿ ಸುತ್ತಿ ಮೈಗೆ ಬಿಗಿದಿದ್ದರು. ಬಿಗಿಯುವಾಗ ಡಾಕ್ಟರು ತುಂಬ ಪರದಾಡಿದ್ದರು. ಯಾಕೆಂದರೆ ಎದೆಯ ಬಲಗಡೆ ಚರ್ಮದಿಂದ ತೆಳ್ಳನೆಯ ಬಿಳಿ ನಳಿಯೊಂದು ಹೊರಬಂದಿತ್ತು. ಅದನ್ನು ಅಲುಗಿಸುವಂತಿಲ್ಲ. ಹುಟ್ಟಿದ ವಾರದಲ್ಲೇ ಅವಳ ಕರುಳು ಹಗ್ಗದಂತೆ ಹೊಸೆದುಕೊಂಡು ಕಪ್ಪಾಗಿ, ಕತ್ತರಿಸಿ ತೆಗೆದ ಮೇಲೆ ಉಳಿದದ್ದು ಗೇಣುದ್ದ. ಬಾಯಿಗೆ ಹಾಕಿದ್ದು ಮೈಗೆ ಹತ್ತುವ ಮೊದಲೇ ಹೊರಗೆ ಹೋಗಿಬಿಡುತ್ತದೆ. ಅವಳ ನಿಜವಾದ ಊಟ ಬರುವುದು ಚೀಲದಲ್ಲಿ, ಸಕ್ಕರೆ, ಕೊಬ್ಬು, ಉಪ್ಪು, ವಿಟಮಿನ್ನು ಎಲ್ಲ ಕಲಸಿದ ಹಾಲುಬಣ್ಣದ ನೀರಾಗಿ. ಸಂಜೆ ಆ ಚೀಲವನ್ನು ನಳಿಗೆ ಜೋಡಿಸಬೇಕು, ಬೆಳಿಗ್ಗೆ ಬಿಚ್ಚಬೇಕು. ನಳಿಯ ಒಳತುದಿ ಇರುವುದು ಹೃದಯದ ಬಾಗಿಲಲ್ಲಿ. ಜೋಡಿಸುವಾಗ ಒಂದು ಬೆರಳು ತಾಗಿದರೆ ನಂಜು ನೇರ ರಕ್ತಕ್ಕೆ.

ಇಷ್ಟು ವರ್ಷ ಮನೆಯಲ್ಲಿ ಅದನ್ನು ಮಾಡಿಕೊಂಡು ಬಂದವಳು ತಾಯಿ. ಮೂಳೆ ವಾರ್ಡಿನಲ್ಲೂ ಅವಳೇ ಮಾಡುತ್ತಿದ್ದಳು, ಯಾಕೆಂದರೆ ಅಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ. ಕರುಳು ವಾರ್ಡು ಅಂಗಳದಾಚೆಯ ಕಟ್ಟಡದಲ್ಲಿತ್ತು. ಅಲ್ಲಿಂದ ಸಿಸ್ಟರ್ ಒಬ್ಬರು ಸಂಜೆ ಚೀಲ ತಂದುಕೊಟ್ಟು, "ಅಮ್ಮನಿಗೆ ಎಲ್ಲಾ ಗೊತ್ತು" ಎಂದು ಹೊರಟುಬಿಡುತ್ತಿದ್ದರು. ಮಗಳ ತೋಳು ಮುರಿದವಳೆಂಬ ಅನುಮಾನದ ಮೇಲೆ ಯಾರನ್ನು ಕಾವಲಿಟ್ಟು ಕೂರಿಸಿದ್ದರೋ ಅವಳ ಕೈಗೇ ಸಂಜೆಯಾದರೆ ಮಗಳ ಹೃದಯಕ್ಕೆ ಹೋಗುವ ದಾರಿಯನ್ನು ಕೊಡುತ್ತಿದ್ದರು. ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಆಸ್ಪತ್ರೆಗೆ ಪುಕ್ಕಟೆ ಸಿಗುವ ಕೈಯ ಮೇಲೆ ನಂಬಿಕೆಗೆ ಯಾವತ್ತೂ ಬರವಿಲ್ಲ.

ಮುರಿದದ್ದು ಹೇಗೆ ಎಂಬುದು ತಾಯಿಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೇ.

ಚೀಲ ಜೋಡಿಸುವಾಗ ಎರಡು ಕೈಗೂ ಗ್ಲೌಸು. ಹಾಕಿದ ಮೇಲೆ ನಳಿಯ ತುದಿ ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ, ಮಗುವನ್ನೂ. ಆದರೆ ಮಗು ಕೈ ಹಾಕುತ್ತದೆ. ತುರಿಸುತ್ತದೆ, ಎಳೆಯುತ್ತದೆ, ಏನದು ಎಂದು ನೋಡುತ್ತದೆ. ಮನೆಯಲ್ಲಿ ಹಿಡಿದುಕೊಳ್ಳುವವರು ಯಾರು? ಅತ್ತೆಯ ಕೈ ನಡುಗುತ್ತದೆ. ಗಂಡ ಲಾರಿ ಹತ್ತಿ ಹೋದರೆ ವಾರಕ್ಕೊಮ್ಮೆ ಮುಖ. ಹಾಗಾಗಿ ತಾಯಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಮಗಳ ಹತ್ತಿರದ ಕೈಯನ್ನು ತನ್ನ ಎರಡು ಮೊಣಕಾಲ ನಡುವೆ ಒತ್ತಿ ಹಿಡಿಯುತ್ತಿದ್ದಳು. ಆಚೆಯ ಕೈ ಬೆನ್ನಿನ ಅಡಿಯಲ್ಲಿ. ಚೀಲ ಜೋಡಿಸುವ ಮನೆಗಳಲ್ಲೆಲ್ಲ ಹೀಗೆಯೇ. ಕರುಳು ವಾರ್ಡಿನಲ್ಲಿ ತರಬೇತಿ ಪಡೆದ ತಾಯಂದಿರನ್ನೆಲ್ಲ ಸಾಲಾಗಿ ಕೂರಿಸಿದರೆ ಮೊಣಕಾಲಿನಿಂದಲೇ ಗುರುತು ಹಿಡಿಯಬಹುದು.

ತೋಳು ಮುರಿದ ಸಂಜೆ ಅತ್ತೆ ಮಂಚದ ಕಾಲುದೆಸೆಯಲ್ಲಿ ಕೂತು ತಮ್ಮ ಮಗನ ಗೊರಕೆಯನ್ನು ಅಣಕಿಸುತ್ತಿದ್ದರು. ಏರು ಹತ್ತಲಾರದ ಲಾರಿ ಗೇರು ಬದಲಿಸಿದ ಹಾಗೆ. ಜಡ್ಜಮ್ಮ ನಕ್ಕಳು. ಇನ್ನೊಂದು ಸಲ ಅಂದಳು. ಅತ್ತೆ ಈ ಸಲ ಬ್ರೇಕನ್ನೂ ಹಾಕಿದರು. ಮಗು ನಕ್ಕು ಅಜ್ಜಿಯ ಕಡೆಗೆ ಹೊರಳಿತು, ತೋಳು ಮೊಣಕಾಲ ನಡುವೆಯೇ ಉಳಿಯಿತು. ಪೆನ್ನಿಗೆ ಮುಚ್ಚಳ ಹಾಕಿದಂಥ ಸದ್ದು. ಅಷ್ಟೇ. ಮಗು ಮೊದಲು ಅಳಲೂ ಇಲ್ಲ. "ಅಮ್ಮ, ನನ್ನ ಕೈ ಏನೋ ಅಂತಿದೆ," ಅಂದಳು.

"ಹೇಗಾಯ್ತು?" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ತಾಯಿ, "ಗೊತ್ತಿಲ್ಲ, ಹೊರಳಿದಳು, ಸದ್ದು ಬಂತು," ಅಂದಿದ್ದಳು. ಗೊತ್ತಿಲ್ಲ ಅನ್ನುವುದಕ್ಕಿಂತ ಕೆಟ್ಟ ಉತ್ತರ ಆ ಕೋಣೆಯಲ್ಲಿ ಇನ್ನೊಂದಿಲ್ಲ ಎಂದು ಅವಳಿಗೆ ಹೇಳಿದವರು ಯಾರು? ಎಕ್ಸ್‌ರೇಯಲ್ಲಿ ತೋಳಿನ ಮೂಳೆ ತಿರುಚಿ ಮುರಿದಿತ್ತು. ಜೊತೆಗೆ ಪಕ್ಕೆಲುಬಿನಲ್ಲಿ ಯಾವಾಗಲೋ ಬಿರಿದು ತಾನಾಗಿ ಕೂಡಿಕೊಂಡ ಹಳೆಯ ಗುರುತು. ಎರಡನ್ನೂ ನೋಡಿದ ಡಾಕ್ಟರು ತಾಯಿಯ ಮುಖ ನೋಡಲಿಲ್ಲ. ಫೋನು ತೆಗೆದುಕೊಂಡು ಹೊರಗೆ ಹೋದರು. ಅಂದೇ ಕುರ್ಚಿ ಬಂತು. ಮರುದಿನ ಮೇಡಂ ಬಂದರು. ಮಕ್ಕಳ ರಕ್ಷಣೆಯ ಕಚೇರಿಯವರು, ಮೆಲ್ಲಗೆ ಮಾತಾಡುವವರು. ತಪ್ಪಿತಸ್ಥರ ಹತ್ತಿರ ಮೆಲ್ಲಗೆ ಮಾತಾಡಬೇಕು ಎಂದು ಕಲಿತವರ ಧ್ವನಿ. ಗುರುವಾರ ಸಂಜೆ ಕೊನೆಯ ಹೇಳಿಕೆ ಬರೆದುಕೊಳ್ಳುತ್ತೇನೆ, ಅದರ ಮೇಲೆ ಮಗು ಮನೆಗೋ ಸರ್ಕಾರದ ಆಶ್ರಯಕ್ಕೋ ನಿರ್ಧಾರ ಆಗುತ್ತದೆ ಎಂದು ಹೇಳಿ ಹೋಗಿದ್ದರು.

ಇವತ್ತು ಗುರುವಾರ.

"ನಾನು ಬೀಳಿಸಿದೆ ಅಂತ ಹೇಳ್ತೀನಿ," ಎಂದರು ಅತ್ತೆ. ಮಧ್ಯಾಹ್ನ, ಕುರ್ಚಿ ಅಕ್ಕ ನೀರು ತರಲು ಎದ್ದಿದ್ದಳು. "ಮುದುಕಿ, ಕಣ್ಣು ಕಾಣಲ್ಲ, ಎತ್ತಿಕೊಳ್ಳೋಕೆ ಹೋದೆ, ಜಾರಿತು. ಮುದುಕೀರನ್ನ ಯಾರು ಏನು ಮಾಡ್ತಾರೆ? ಆಶ್ರಯಕ್ಕೆ ಹಾಕ್ತಾರಾ? ಹಾಕಲಿ, ಮೂರು ಹೊತ್ತು ಊಟ."

"ಪಕ್ಕೆಲುಬಿಗೆ ಏನು ಹೇಳ್ತೀರಿ ಅತ್ತೆ?"

"ಅದಕ್ಕೂ ಒಂದು ಸಲ ಬೀಳಿಸಿದ್ದೆ ಅಂತೀನಿ. ಸುಳ್ಳಿಗೇನು ಬರಗಾಲವಾ?"

ತಾಯಿಗೆ ನಗು ಬಂತು. ಬಾಗಿಲ ಕಡೆ ನೋಡಿ ನುಂಗಿಕೊಂಡಳು. ಈ ಕೋಣೆಯಲ್ಲಿ ನಕ್ಕರೂ ಬರೆದುಕೊಳ್ಳುತ್ತಾರೆ, ಅತ್ತರೂ ಬರೆದುಕೊಳ್ಳುತ್ತಾರೆ.

ಗಂಡನೂ ಫೋನಿನಲ್ಲಿ ಅದನ್ನೇ ಹೇಳಿದ್ದ. ಹಿಂದಿನಿಂದ ಲಾರಿಗಳ ಹಾರನ್ನು ಕೇಳುತ್ತಿತ್ತು. "ಬಿದ್ದಳು ಅನ್ನು, ಮುಗಿಸು. ಮಕ್ಕಳು ಬೀಳೋದಿಲ್ವಾ? ನೀನು ಏನೇನೋ ಹೇಳಿ ಅವರ ಬಾಯಿಗೆ ಬೀಳಬೇಡ. ಡಾಕ್ಟರೇ ಹೇಳಿದ್ರಲ್ಲ."

ಡಾಕ್ಟರು ಹೇಳಿದ್ದು ನಿಜ. ಬೆಳಗಿನ ಸುತ್ತಿನಲ್ಲಿ ತಾಯಿಯನ್ನು ಪಕ್ಕಕ್ಕೆ ಕರೆದು, "ನೋಡಿ, ಮಂಚದಿಂದ ಬಿದ್ದಿದ್ರೆ ಬಿದ್ದಳು ಅಂತ ಹೇಳಿಬಿಡಿ. ಬಿದ್ದದ್ದಾದ್ರೆ ನಮಗೂ ಅರ್ಥ ಆಗುತ್ತೆ. ಪಟ್ಟಿ ಕಟ್ಟಿ ಮನೆಗೆ ಕಳಿಸ್ತೀವಿ," ಎಂದಿದ್ದರು. ಕೆಟ್ಟ ಮನುಷ್ಯನಲ್ಲ. ನಿದ್ದೆಗೆಟ್ಟ ಕಣ್ಣು, ಕಾಲರಿನಲ್ಲಿ ಇಸ್ತ್ರಿ ಇಲ್ಲ. ದಾರಿ ತೋರಿಸುತ್ತಿದ್ದರು.

"ಸಾರ್, ಅವಳ ಮೂಳೆ ಗಟ್ಟಿ ಇದೆಯಾ ಅಂತ ಒಂದು ಸಲ ನೋಡ್ತೀರಾ?" ಎಂದು ಅವಳು ಕೇಳಿದ್ದಳು. ಯಾಕೆ ಕೇಳಿದಳೆಂದರೆ, ಜಡ್ಜಮ್ಮ ಎಷ್ಟೋ ತಿಂಗಳಿಂದ ಬೆನ್ನು ನೋವು ಅನ್ನುತ್ತಿದ್ದಳು. ಮೆಟ್ಟಿಲು ಹತ್ತುವಾಗ ಎತ್ತಿಕೋ ಅನ್ನುತ್ತಿದ್ದಳು.

"ಬಿದ್ದು ಮುರಿದದ್ದಕ್ಕೆ ಅದೆಲ್ಲ ಮಾಡಲ್ಲಮ್ಮ. ಅವಳದು ಕರುಳಿನ ಕೇಸು. ಅವರು ಬರೆದುಕೊಟ್ರೆ ನೋಡೋಣ."

ಕರುಳಿನವರ ಹತ್ತಿರ ಅವಳು ಬೆನ್ನು ನೋವಿನ ಮಾತೆತ್ತಿದ್ದಳು, ಹೋದಾಗಲೆಲ್ಲ. "ಮಲಗಿದ್ದು ಜಾಸ್ತಿ, ಹಿಡ್ಕೊಂಡಿರುತ್ತೆ," ಎಂದಿದ್ದರು ಒಬ್ಬರು. "ಮೂಳೆ ನಮ್ಮದಲ್ಲ, ಆದರೂ ಕೇಳಿ ನೋಡ್ತೀವಿ," ಎಂದಿದ್ದರು ಇನ್ನೊಬ್ಬರು. ಮೂಳೆ ಯಾರದು? ರಕ್ತ ನೋಡುವವರಿಗೆ ರಕ್ತ, ಕರುಳು ನೋಡುವವರಿಗೆ ಕರುಳು, ನಳಿ ಹಾಕುವವರಿಗೆ ನಳಿ. ಕಸಾಯಿಖಾನೆಯಲ್ಲಿ ಕುರಿಯನ್ನೂ ಇಷ್ಟು ಅಚ್ಚುಕಟ್ಟಾಗಿ ಪಾಲು ಮಾಡುವುದಿಲ್ಲ. ಆರು ವರ್ಷ ಊಟವೆಲ್ಲ ನಳಿಯಿಂದ ಇಳಿದ ಮೈ, ಬಿಸಿಲಿಗೆ ಹೋಗಬೇಡ, ಓಡಬೇಡ, ಬೀಳಬೇಡ, ನಳಿ ಎಳೆದುಕೊಂಡೀತು ಎಂದು ಕೂರಿಸಿ ಬೆಳೆಸಿದ ಮೈ. ಅದರೊಳಗೆ ಮೂಳೆ ಎಂಬುದೊಂದು ಇದೆ ಎಂದು ಇಷ್ಟು ದೊಡ್ಡ ಕಟ್ಟಡದಲ್ಲಿ ಯಾರಿಗೂ ಹೊಳೆಯಲಿಲ್ಲ. ಮುರಿದ ಮೇಲೆ ಹೊಳೆಯಿತು. ಆಗ ಮೊದಲು ಬಂದದ್ದು ಪರೀಕ್ಷೆಯ ಯಂತ್ರವಲ್ಲ, ಕುರ್ಚಿ.

ತಾಯಿ ಮಧ್ಯಾಹ್ನವೆಲ್ಲ ಕಿಟಕಿಯ ಹತ್ತಿರ ನಿಂತಿದ್ದಳು. ಕಿಟಕಿ ಅರ್ಧವೇ ತೆರೆಯುತ್ತಿತ್ತು, ಕೆಳಗೆ ಆ್ಯಂಬುಲೆನ್ಸು ನಿಲ್ಲಿಸುವ ಜಾಗ, ಎದುರಿಗೆ ಕರುಳು ವಾರ್ಡಿನ ಹಿಂಗೋಡೆ, ಪೈಪುಗಳು. ಬಿದ್ದಳು ಅಂದರೆ ನಾಳೆ ಮನೆ. ಪಟ್ಟಿ ಕಟ್ಟಿದ ತೋಳಿನ ಜೊತೆ, ಒಳಗೆ ಹೇಗಿದೆಯೋ ಗೊತ್ತಿಲ್ಲದ ಇನ್ನುಳಿದ ಮೂಳೆಗಳ ಜೊತೆ. ಮತ್ತೆ ಸಂಜೆ, ಮತ್ತೆ ಸ್ಟೂಲು, ಮತ್ತೆ ಮೊಣಕಾಲು. ಮುಂದಿನ ಸಲ ತೊಡೆಯೋ ಬೆನ್ನೋ. ಇದ್ದದ್ದು ಇದ್ದ ಹಾಗೆ ಹೇಳಿದರೆ ಮೂಳೆ ನೋಡಲೇಬೇಕಾಗುತ್ತದೆ, ಹೊರಳಿದ್ದಕ್ಕೆ ಮುರಿಯುವ ಮೂಳೆ ಮೂಳೆಯಲ್ಲ ಎಂದು ಯಾರಾದರೂ ಒಪ್ಪಬೇಕಾಗುತ್ತದೆ. ಇಲ್ಲವೇ, ತಾಯಿಯೇ ಒತ್ತಿ ಮುರಿದಳು ಎಂದು ಅವಳ ಬಾಯಿಂದಲೇ ಬಂದ ಮಾತು ಬರೆದುಕೊಂಡು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಯಾವುದು ಆಗುತ್ತದೆ ಎಂಬುದು ಮೇಡಂ ಕೈಯಲ್ಲಿ. ಮೇಡಂ ಜೀವನದಲ್ಲಿ ಒಂದು ಚೀಲ ಜೋಡಿಸಿದವರಲ್ಲ.

"ಅಮ್ಮ, ನೀನು ಕಿಟಕಿ ಹತ್ರ ಬಹಳ ಹೊತ್ತು ನಿಂತಿದ್ದೀಯ," ಎಂದಳು ಜಡ್ಜಮ್ಮ. "ಬಾ, ಕೂತ್ಕೊ. ಅಜ್ಜಿ ಬೋರ್ ಹೊಡೀತಿದ್ದಾಳೆ."

"ನಾನಾ ಬೋರು?" ಅತ್ತೆ ಸೆರಗು ಸರಿಮಾಡಿಕೊಂಡರು. "ನಿಮ್ಮಜ್ಜನ ಹತ್ರ ಕೂತಿದ್ರೆ ಗೊತ್ತಾಗ್ತಿತ್ತು ಬೋರು ಅಂದ್ರೆ ಏನು ಅಂತ."

"ಲಾರಿ ಮಾಡಜ್ಜಿ."

ಅತ್ತೆ ಸೊಸೆಯ ಮುಖ ನೋಡಿದರು. "ಇನ್ನು ಮೇಲೆ ಲಾರಿ ಇಲ್ಲ ಪುಟ್ಟಿ. ಗಾಡಿ ರಿಪೇರಿಗೆ ಹೋಗಿದೆ."

ಸಂಜೆ ಮೇಡಂ ಬಂದಾಗ ಕರುಳು ವಾರ್ಡಿನ ಸಿಸ್ಟರೂ ಚೀಲ ಹಿಡಿದು ಬಂದರು. ಹಿಂದೆಯೇ ಡಾಕ್ಟರು, ಸಹಿ ಹಾಕಲು. ಅಷ್ಟೂ ಜನಕ್ಕೆ ಆ ಕೋಣೆ ಸಾಲಲಿಲ್ಲ. ಅತ್ತೆ ಎದ್ದು ಗೋಡೆಗೆ ಒರಗಿದರು.

"ನಿಮ್ಮ ಕೆಲಸ ಮೊದಲು ಮುಗಿಸಿ," ಎಂದರು ಮೇಡಂ. "ನಾನು ಕಾಯ್ತೀನಿ."

ತಾಯಿ ಕೈ ತೊಳೆದಳು, ಮೊಣಕೈವರೆಗೆ. ಸಿಸ್ಟರ್ ಪೊಟ್ಟಣ ಬಿಚ್ಚಿಟ್ಟರು. ಅತ್ತೆ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು, "ಅಮ್ಮಾ, ನಾನೊಂದು ಮಾತು ಹೇಳೋದಿದೆ. ಅವತ್ತು ಮಗೂನ ನಾನು ಎತ್ತಿಕೊಳ್ಳೋಕೆ ಹೋಗಿ..." ಎಂದು ಶುರುಮಾಡಿದರು.

"ಅತ್ತೆ, ಕೂತ್ಕೊಳ್ಳಿ," ಎಂದಳು ತಾಯಿ.

ಸ್ಟೂಲನ್ನು ಕಾಲಲ್ಲೇ ಎಳೆದು ಕೂತಳು. ಗ್ಲೌಸು ಹಾಕಿಕೊಳ್ಳಲಿಲ್ಲ. ಮಗಳ ತಲೆಯ ಪಕ್ಕದಲ್ಲಿದ್ದ ಇನ್ನೊಂದು ದಿಂಬನ್ನು ತೆಗೆದುಕೊಂಡು, ಅದರ ಒಂದು ಮೂಲೆಯನ್ನು ಮೊಣಕಾಲ ನಡುವೆ ಇಟ್ಟು ಒತ್ತಿ ಹಿಡಿದು, ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿದಳು.

"ಹೀಗೆ," ಎಂದಳು. "ಇದು ಅವಳ ಕೈ. ನಾನು ಇಲ್ಲಿ. ನನ್ನ ಕೈ ಎರಡೂ ಗ್ಲೌಸಲ್ಲಿ, ಅವಳನ್ನ ಮುಟ್ಟೋ ಹಾಗಿಲ್ಲ. ಅವಳು ನಕ್ಕು ಆ ಕಡೆ ಹೊರಳಿದಳು. ಕೈ ನನ್ನ ಮೊಣಕಾಲಲ್ಲೇ ಇತ್ತು. ಮುರೀತು. ನಾನು ಹೊಡೆದಿಲ್ಲ, ತಿರುಚಿಲ್ಲ. ಯಾವಾಗ್ಲೂ ಹಿಡಿಯೋಷ್ಟೇ ಹಿಡಿದಿದ್ದೆ. ಮೊದಲೇ ಹೇಳಬೇಕಿತ್ತು, ಭಯ ಆಯ್ತು."

ಮೇಡಂ ಬರೆಯಲು ಪೆನ್ನು ತೆಗೆದವರು ದಿಂಬನ್ನೇ ನೋಡುತ್ತಿದ್ದರು. "ಹೀಗೆ ಹಿಡಿಯೋದು ನಿಮಗೆ ಯಾರು ಹೇಳಿಕೊಟ್ಟಿದ್ದು?"

ತಾಯಿ ಸಿಸ್ಟರ್ ಕಡೆ ನೋಡಿದಳು. ಸಿಸ್ಟರ್ ಚೀಲದ ಮೇಲಿನ ಚೀಟಿ ಓದುತ್ತಿದ್ದರು. ಅಷ್ಟು ಗಮನವಿಟ್ಟು ಅವರು ಆ ಚೀಟಿಯನ್ನು ಹಿಂದೆಂದೂ ಓದಿರಲಿಕ್ಕಿಲ್ಲ.

"ಇಲ್ಲೇ ಕಲಿಸಿದ್ದು," ಎಂದಳು ತಾಯಿ. "ಎದುರಿನ ಕಟ್ಟಡದಲ್ಲಿ. ಆಗ ಅವಳು ಇಷ್ಟೇ ಇದ್ದಳು. ಆಮೇಲೆ ದೊಡ್ಡವಳಾದಳು, ಬೇರೆ ಹಿಡಿತ ಯಾರೂ ಕಲಿಸಲಿಲ್ಲ."

"ನೀವೇನು ಹೇಳ್ತೀರಿ ಸಿಸ್ಟರ್?"

"ಪ್ರತಿಯೊಬ್ಬರೂ ಹೇಗೆ ಹಿಡೀತಾರೆ ಅಂತ ನಾವು ಮನೆಗೆ ಹೋಗಿ ನೋಡೋಕಾಗಲ್ಲ ಮೇಡಂ," ಎಂದರು ಸಿಸ್ಟರ್, ಚೀಟಿಯಿಂದ ಕಣ್ಣೆತ್ತದೆ.

ಅತ್ತೆ ಗೋಡೆಯ ಬಳಿಯಿಂದಲೇ ಹೇಳಿದರು: "ಕಲಿಸೋವಾಗ ನಾನೂ ಇದ್ದೆ ಸಿಸ್ಟರ್. ಮೊಣಕಾಲು ಇರೋದು ಯಾಕೆ ಅಂತ ನೀವೇ ತಮಾಷೆ ಮಾಡಿದ್ರಿ. ನಾವೆಲ್ಲ ನಕ್ಕಿದ್ವಿ."

ಸಿಸ್ಟರ್ ಕಿವಿ ಕೆಂಪಾಯಿತು.

ಮೇಡಂ ಡಾಕ್ಟರ ಕಡೆ ತಿರುಗಿದರು. "ಇದಕ್ಕೆ ಮುರಿಯುತ್ತಾ?"

ಡಾಕ್ಟರು ಕತ್ತಿನ ಹಿಂಭಾಗ ಉಜ್ಜಿಕೊಂಡರು. "ಸಾಮಾನ್ಯ ಮಗುವಿಗೆ ಮುರಿಯಲ್ಲ."

"ಇವಳಿಗೆ?"

"ಇವಳಿಗೆ... ಮೂಳೆ ಸವೆದಿದ್ರೆ ಮುರಿಯಬಹುದು. ಈ ಥರದ ಮಕ್ಕಳಲ್ಲಿ ಸವೆಯೋದುಂಟು. ಪಕ್ಕೆಲುಬಿಗೂ ಅದೇ ಕಾರಣ ಇರಬಹುದು." ಅವರು ಹಳೆಯ ಪಾಠವನ್ನು ನೆನಪು ಮಾಡಿಕೊಳ್ಳುತ್ತಿರುವವರಂತೆ ನಿಧಾನವಾಗಿ ಹೇಳಿದರು. "ಸಾಂದ್ರತೆ ಪರೀಕ್ಷೆ ಮಾಡಬೇಕು. ರಕ್ತದಲ್ಲೂ ನೋಡಬೇಕು."

"ಇಷ್ಟು ವರ್ಷದಲ್ಲಿ ಮಾಡಿಲ್ವಾ?"

ಹೊರಗೆ ಊಟದ ಗಾಡಿಯ ಚಕ್ರ ಕಿರುಗುಟ್ಟುತ್ತ ಹೋಯಿತು.

"ನಾಳೆ ಬೆಳಿಗ್ಗೆ ಮಾಡಿಸ್ತೀನಿ," ಎಂದರು ಡಾಕ್ಟರು.

ತಾಯಿಯ ಮೊಣಕಾಲಿನಿಂದ ದಿಂಬು ಜಾರಿತು. ಇಷ್ಟೇ ಮಾತಿಗಾಗಿ ಅವಳು ಎಷ್ಟೋ ಬಾಗಿಲು ತಟ್ಟಿದ್ದಳು. ತೋಳು ಮುರಿದು, ಕಳ್ಳಿಯಂತೆ ಕಾವಲಲ್ಲಿ ಕೂತು, ತನ್ನ ಮೇಲೆ ತಾನೇ ಸಾಕ್ಷಿ ಹೇಳಿದ ಮೇಲೆ ಸಿಕ್ಕಿತು. ಅವಳು ಕೃತಜ್ಞತೆಯಿಂದ ಏನಾದರೂ ಹೇಳುತ್ತಾಳೆಂದು ಡಾಕ್ಟರು ಒಂದು ಕ್ಷಣ ಕಾದರು. ಅವಳು ದಿಂಬನ್ನು ಎತ್ತಿ ಮಗಳ ತಲೆಯ ಪಕ್ಕ ಇಟ್ಟಳು.

"ಸರಿ," ಎಂದು ಮೇಡಂ ಬರೆಯುವ ಪುಸ್ತಕ ಮುಚ್ಚಿದರು. "ರಿಪೋರ್ಟು ಬರೋವರೆಗೆ ನಾನು ಏನೂ ಮುಗಿಸಲ್ಲ. ಆದರೆ ನೀವೇ ನಿಮ್ಮ ಹಿಡಿತದಲ್ಲಿ ಮುರೀತು ಅಂತ ಹೇಳಿದ ಮೇಲೆ ನಿಮ್ಮನ್ನ ಮಗು ಮುಟ್ಟೋಕೆ ಬಿಡೋಕಾಗಲ್ಲ. ನಿಯಮ ಹಾಗಿದೆ. ಅಲ್ಲೀವರೆಗೆ ನೀವು ಹೊರಗಿರಿ. ಚೀಲ ಸಿಸ್ಟರ್ ಹಾಕ್ತಾರೆ."

"ನನ್ನ ಅಮ್ಮ ಯಾಕೆ ಹೊರಗೆ?" ಎಂದಳು ಜಡ್ಜಮ್ಮ. "ಅಮ್ಮ ನಿಜ ಹೇಳಿದಳು. ನಾನು ನೋಡಿದೀನಿ. ನಾನೇ ನಕ್ಕಿದ್ದು."

ಮೇಡಂ ಅವಳ ತಲೆ ಸವರಲು ಕೈ ಚಾಚಿದರು. ಅರ್ಧದಲ್ಲಿ ಏನು ನೆನಪಾಯಿತೋ, ಕೈ ಹಿಂದಕ್ಕೆ ತೆಗೆದುಕೊಂಡರು.

ತಾಯಿ ಹೊರಗೆ ಹೋಗಿ ನಿಂತಳು. ಬಾಗಿಲ ಪಕ್ಕದಲ್ಲಿ ಗಾಜಿನ ಕಿಂಡಿಯಿತ್ತು. ಕುರ್ಚಿ ಅಕ್ಕ ಕುರ್ಚಿಯಿಂದ ಎದ್ದು, "ಕೂತ್ಕೊಳ್ಳಿ ಬೇಕಾದ್ರೆ," ಅಂದಳು. ತಾಯಿ ಕೂರಲಿಲ್ಲ. ಹಣೆಯನ್ನು ಗಾಜಿಗೆ ಒತ್ತಿ ನೋಡಿದಳು.

ಒಳಗೆ ಸಿಸ್ಟರ್ ಗ್ಲೌಸು ಹಾಕಿಕೊಂಡು ನಳಿಯ ತುದಿಯನ್ನು ಹಿಡಿದರು. ಒರೆಸಿದರು. ಮುಚ್ಚಳ ತೆಗೆದರು. ಜಡ್ಜಮ್ಮನ ಬಲಗೈ ಮೇಲೆದ್ದಿತು, ನೇರ ಎದೆಯ ಕಡೆಗೆ. ಒದ್ದೆ ಹತ್ತಿ ತಾಗಿದರೆ ಅವಳಿಗೆ ತುರಿಕೆ. ಸಿಸ್ಟರ್ ಕೈಗಳನ್ನು ದೂರ ಸರಿಸಿಕೊಂಡರು.

"ಯಾರಾದ್ರೂ ಹಿಡ್ಕೊಳ್ಳಿ."

ಡಾಕ್ಟರ ಕೈಗಳು ಜೇಬಿನಲ್ಲಿದ್ದವು, ಅಲ್ಲೇ ಉಳಿದವು. ಮೇಡಂ ಪುಸ್ತಕವನ್ನು ಎದೆಗೆ ಅವಚಿಕೊಂಡರು. ಅತ್ತೆ ತಮ್ಮ ನಡುಗುವ ಬೆರಳುಗಳನ್ನು ಎತ್ತಿ ತೋರಿಸಿದರು.

"ಅಕ್ಕ, ನೀವು ಬನ್ನಿ," ಎಂದು ಸಿಸ್ಟರ್ ಬಾಗಿಲ ಕಡೆ ಕೂಗಿದರು.

"ನನ್ನ ಕೈಲಾಗಲ್ಲ ಸಿಸ್ಟರ್," ಎಂದಳು ಕುರ್ಚಿ ಅಕ್ಕ. "ನನ್ನ ಕೈಯಲ್ಲಿ ಏನಾದ್ರೂ ಆದ್ರೆ ಈ ಕುರ್ಚಿ ಹಾಕಿಕೊಂಡು ನನ್ನನ್ನ ಕಾಯೋರು ಯಾರು?"

ತೆರೆದ ನಳಿ ಗಾಳಿಯಲ್ಲಿತ್ತು. ಬಿಗಿದ ಕ್ಲಿಪ್ಪೊಂದೇ ರಕ್ತಕ್ಕೂ ಆ ಕೋಣೆಗೂ ನಡುವೆ. ಸಿಸ್ಟರ್ ಮೇಡಂ ಕಡೆ ನೋಡಿದರು, ಮೇಡಂ ಡಾಕ್ಟರ ಕಡೆ, ಡಾಕ್ಟರು ನೆಲದ ಕಡೆ. ಆಮೇಲೆ ಸಿಸ್ಟರ್ ಯಾರ ಅಪ್ಪಣೆಯನ್ನೂ ಕೇಳದೆ ಗಾಜಿನ ಕಿಂಡಿಯತ್ತ ತಿರುಗಿ, "ಬನ್ನಿ ಅಮ್ಮ, ಬೇಗ," ಎಂದರು.

ಬೇಡ ಅನ್ನಲು ಮೇಡಂ ಬಾಯಿ ತೆರೆದರು. ಆಮೇಲೆ ಒಂದು ಹೆಜ್ಜೆ ಸರಿದು ದಾರಿ ಬಿಟ್ಟರು.

ತಾಯಿ ಒಳಗೆ ಬಂದಳು. ಮಂಚದ ಪಕ್ಕ ನಿಂತಳು. ಮಗಳ ಬಲಗೈ ಹಾಸಿಗೆಯ ಮೇಲೆ ಬೆರಳಾಡಿಸುತ್ತಿತ್ತು, ಅವಳು ಸಾವಿರ ಸಲ ಹಿಡಿದ ಕೈ. ಮುಂಗೈಯಲ್ಲಿ ಹಿಡಿಯಲು ಹೋದಳು, ನಿಲ್ಲಿಸಿದಳು. ಮೊಣಕೈಯ ಹತ್ತಿರ ಹೋದಳು, ಅಲ್ಲೂ ನಿಲ್ಲಿಸಿದಳು. ಆ ತೆಳ್ಳನೆ ಚರ್ಮದ ಅಡಿಯಲ್ಲಿ ಏನಿದೆಯೋ ಈಗ ಅವಳಿಗೆ ಗೊತ್ತಿರಲಿಲ್ಲ.

"ಎಲ್ಲಿ ಹಿಡೀಲಿ ಡಾಕ್ಟ್ರೇ?"

ಡಾಕ್ಟರು ತಲೆಯೆತ್ತಿದರು. ಮೇಡಂ ಕಡೆ ನೋಡಿದರು.

"ನೀವು ಹೇಳಿ ಮೇಡಂ. ಎಲ್ಲಿ ಹಿಡಿದ್ರೆ ಸರಿ?"

"ಅಮ್ಮ, ಬೇಗ ಹಿಡಿ," ಎಂದಳು ಜಡ್ಜಮ್ಮ. "ತುರಿಸ್ತಿದೆ. ನಾನು ನಗಲ್ಲ."

ತಾಯಿ ತನ್ನ ಅಂಗೈಯನ್ನು ಮಗಳ ಅಂಗೈಯ ಮೇಲಿಟ್ಟಳು. ಒತ್ತಲಿಲ್ಲ. ಸಿಸ್ಟರ್ ಚೀಲ ಜೋಡಿಸಿದರು. ಎಲ್ಲರೂ ನೋಡುತ್ತ ನಿಂತಿದ್ದರು.